ಏಳನೆಯ ಎಲೆ

ವೊರ್ಕುಮ್,
೧೪ ಜೂನ್ ೧೯೮೪, ಗುರುವಾರ

ಪ್ರೀತಿಯ ರಿನ್ಸ್ಕೆ,

ನೀನು ಕ್ಷೇಮವಾಗಿದ್ದೀಯೆಂದು ನಿನ್ನ ಅತ್ತೆ ಮಿನ್ಕೆ ಫೋನಿನಲ್ಲಿ ಹೇಳಿದಳು. ಅವಳ ಮಾತನ್ನು ನಾನು ಯಾವಾಗಲೂ ಅರ್ಧ ನಂಬುತ್ತೇನೆ. ದ್ವೀಪದ ಗಾಳಿಗೆ ನಿನ್ನ ಕಿವಿನೋವು ಮರುಕಳಿಸಿಲ್ಲ ತಾನೆ? ಟೋಪಿಯಿಲ್ಲದೆ ದಡಕ್ಕೆ ಹೋಗಬೇಡ. ನಾನು ಚೆನ್ನಾಗಿದ್ದೇನೆ. ಬಲಗೈ ಮಾತ್ರ ಭುಜದಿಂದ ಮೇಲೆ ಏಳುವುದಿಲ್ಲ, ಅದೇನೂ ಹೊಸ ಸುದ್ದಿಯಲ್ಲ. ನಿನ್ನ ಅಪ್ಪ ಅಮ್ಮ ಸರಕಿನ ದೋಣಿಯಲ್ಲಿ ಇನ್ನೂ ಜರ್ಮನಿಯ ಕಡೆಯೇ ಇದ್ದಾರೆ. ನಡೆದದ್ದನ್ನು ಅವರಿಗೆ ನಾನು ತಿಳಿಸಿಲ್ಲ. ಅದು ನಿನ್ನ ಕೆಲಸ.

ಶಾಲೆಯ ಕೊನೆಯ ಪರೀಕ್ಷೆಯ ಫಲಿತಾಂಶ ಬಂದ ದಿನ ನೀನು ಸೈಕಲ್ ಹತ್ತಿ ಹೊರಟುಹೋದೆ. ಸಂಜೆಯಷ್ಟರಲ್ಲಿ ಓಣಿಯ ತುಂಬ ಬಾವುಟಗಳು, ಪ್ರತಿ ಬಾವುಟದ ಕಂಬದ ತುದಿಗೆ ಪಾಸಾದವರ ಶಾಲೆಯ ಚೀಲ. ಎದುರು ಮನೆಯ ಹೆಸ್ಸೆಲ್ ತನ್ನ ಮೊಮ್ಮಗನ ಚೀಲವನ್ನು ನಮ್ಮ ಅಡುಗೆಮನೆಯ ಕಿಟಕಿಗೆ ನೇರವಾಗಿ ಕಾಣುವಂತೆ ನೇತುಹಾಕಿದ್ದಾನೆ. ನಿನ್ನೆ ಬೇಲಿಯ ಆಚೆಯಿಂದ, “ಏನ್ ಬೌಕ್ಯೆ, ನಿಮ್ಮನೆ ಕಂಬಕ್ಕೆ ತುಕ್ಕು ಹಿಡಿದಿದೆಯಾ?” ಅಂದ. “ಮರದ ಕಂಬಕ್ಕೆ ಎಲ್ಲಿಯ ತುಕ್ಕಯ್ಯಾ? ಹಿಡಿದಿರೋದು ನಿನ್ನ ನಾಲಿಗೆಗೆ” ಅಂದೆ. ಅವನು ನಗುತ್ತಾ ಒಳಗೆ ಹೋದ. ನಾನು ನಗಲಿಲ್ಲ.

ನೀನು ಮಿನ್ಕೆಯ ವಸತಿಗೃಹದಲ್ಲಿ ಹಾಸಿಗೆ ಕೊಡವಿಕೊಂಡು ಇದ್ದುಬಿಡುತ್ತೀಯಂತೆ. ಮಂಗಳವಾರದ ಗಣಿತದ ಮರುಪರೀಕ್ಷೆಗೆ ಕೂರುವುದಿಲ್ಲವಂತೆ. ಹಾಸಿಗೆ ಕೊಡವುವುದು ಮರ್ಯಾದೆಯ ಕೆಲಸವೇ. ನಾನೂ ಮಾಡಿದ್ದೇನೆ. ಆದರೆ ಅದನ್ನು ಆರಿಸಿಕೊಂಡು ಮಾಡಬೇಕು, ಅವಿತುಕೊಳ್ಳಲು ಮಾಡಬಾರದು. ಚೀಲ ನೇತುಹಾಕುವುದು ಇತ್ತೀಚಿನ ಗೀಳು. ನಾನು ಹೈಸ್ಕೂಲು ಮುಗಿಸಿದ ದಿನ ನನ್ನಪ್ಪ, “ಸರಿ, ಕರುಗಳಿಗೆ ನೀರು ಇಟ್ಟಿದ್ದೀಯಾ?” ಅಂತ ಕೇಳಿದರು, ಅಷ್ಟೇ.

ಬಾವುಟ ಮಾತ್ರ ಹಳೆಯದು. ನಿನ್ನೆ ಅದನ್ನು ಪೆಟ್ಟಿಗೆಯಿಂದ ತೆಗೆದು ಮೇಜಿನ ಮೇಲೆ ಹರಡಿದೆ. ನನ್ನಮ್ಮ ಹೊಲಿದದ್ದು, ನಿನಗೆ ಗೊತ್ತು. ಬಾವುಟ ಹೀಗೇ ಇರಬೇಕೆಂದು ನಮ್ಮ ಫ್ರೀಸಿಯನ್ ಪ್ರಾಂತದವರು ೧೯೫೭ರಲ್ಲಿ ಗೊತ್ತುಮಾಡಿದರು. ಅದಕ್ಕೂ ಎಷ್ಟೋ ಮೊದಲೇ ನಮ್ಮ ಮನೆಯಲ್ಲಿ ಇದು ಇತ್ತು. ಓರೆಯಾದ ನೀಲಿ ಬಿಳಿ ಪಟ್ಟೆಗಳು, ಬಿಳಿಯ ಮೇಲೆ ಏಳು ಕೆಂಪು ಎಲೆಗಳು. ಸಮುದ್ರದಂಚಿನ ಏಳು ಫ್ರೀಸಿಯನ್ ನಾಡುಗಳಿಗೆ ಏಳು ಎಲೆ ಎಂದು ಶಾಲೆಯಲ್ಲಿ ನಮಗೆ ಹೇಳಿಕೊಟ್ಟರು. ಯಾವ ಏಳು ಎಂದು ಕೇಳಿದರೆ ಒಬ್ಬೊಬ್ಬ ಮೇಷ್ಟರು ಒಂದೊಂದು ಪಟ್ಟಿ ಕೊಡುತ್ತಿದ್ದರು. ಅದರ ಬಗ್ಗೆ ನಾನು ತಲೆ ಕೆಡಿಸಿಕೊಂಡಿಲ್ಲ. ಎಲೆಯೇ ಯಾಕೆ ಎಂದು ಮಾತ್ರ ಬಹಳ ಯೋಚಿಸಿದ್ದೇನೆ. ಬೇರೆಯವರ ಬಾವುಟಗಳಲ್ಲಿ ಸಿಂಹ, ಹದ್ದು, ಕತ್ತಿ ಇರುತ್ತವೆ. ನಮ್ಮವರು ಮನೆಯ ಹಿಂದಿನ ಕಾಲುವೆಯ ನೈದಿಲೆಯ ಎಲೆ ಇಟ್ಟರು, ಹೂವನ್ನೂ ಇಡಲಿಲ್ಲ. ಚಳಿಗಾಲದಲ್ಲಿ ಆ ಎಲೆ ಕಣ್ಣಿಗೆ ಕಾಣದು, ಬೇರು ಕೆಸರಿನಲ್ಲೇ ಇರುತ್ತದೆ. ಸಮುದ್ರ ನುಗ್ಗಿದಾಗ ದಿಬ್ಬ ಹತ್ತಿ ಕೂತು, ನೀರು ಇಳಿದ ಮೇಲೆ ಅದೇ ಹೊಲಕ್ಕೆ ಮರಳಿದ ಜನ ಬೇರೆ ಏನನ್ನು ತಾನೆ ಆರಿಸಿಯಾರು?

ಬೇಸಿಗೆಯಲ್ಲಿ ದೋಣಿ ವಿಹಾರಕ್ಕೆ ಬರುವ ಪ್ರವಾಸಿಗರು ನಮ್ಮ ಬಾಗಿಲ ಮುಂದೆ ನಿಂತು, “ಅಯ್ಯೋ, ಎಷ್ಟು ಚೆಂದದ ಹೃದಯಗಳು!” ಅನ್ನುತ್ತಾರೆ. “ಹೃದಯ ಅಲ್ಲ ಕಣ್ರೀ, ಎಲೆ. ಕನ್ನಡಕ ಹಾಕ್ಕೊಂಡು ನೋಡಿ” ಎಂದು ನಾನು ಗದರುವುದನ್ನು ನೀನು ಚಿಕ್ಕಂದಿನಿಂದ ಕೇಳಿದ್ದೀಯ. ಆದರೆ ನೀನು ಮೂರನೆಯ ತರಗತಿಯಲ್ಲಿದ್ದಾಗ ಬಿರುಗಾಳಿಗೆ ಕೆಳಗಿನ, ಏಳನೆಯ ಎಲೆ ಹರಿದುಹೋಗಿತ್ತು. ನಾನು ಸಂತೆಗೆ ಹೋಗಿ ಬರುವಷ್ಟರಲ್ಲಿ ನೀನು ನನ್ನ ಕೆಂಪು ಲಂಗ ಕತ್ತರಿಸಿ ಹೊಸದೊಂದನ್ನು ಹೊಲಿದು ಮುಗಿಸಿದ್ದೆ. ಎಲೆಯ ತುದಿ ದುಂಡಗಿರಬೇಕು, ಇದು ಕೆಳಗೆ ಚೂಪಾಗಿ, ಮೇಲೆ ಸೀಳಿಕೊಂಡು, ಅಪ್ಪಟ ಹೃದಯ! ಫ್ರೀಸಿಯನ್ ಮನೆಯ ಹುಡುಗಿ ಮಾಡಬಾರದ ತಪ್ಪು. ಹೆಸ್ಸೆಲ್ ಆ ವರ್ಷವೆಲ್ಲ ಆಡಿಕೊಂಡ. ಬಿಚ್ಚಿ ಸರಿಮಾಡು ಎಂದು ನಿನಗೆ ಹೇಳಲಿಲ್ಲ, ನಾನೂ ಬಿಚ್ಚಲಿಲ್ಲ. ನಿನ್ನೆಯೂ ಕತ್ತರಿ ಪಕ್ಕದಲ್ಲೇ ಇತ್ತು. ಹೊಲಿಗೆ ಗಟ್ಟಿಯಾಗಿದೆ. ಅಮ್ಮನ ಹೊಲಿಗೆ ಎರಡು ಕಡೆ ಬಿಟ್ಟಿದೆ, ನಿನ್ನದು ಬಿಟ್ಟಿಲ್ಲ.

ಇನ್ನೊಂದು ಮಾತು. ನನ್ನಪ್ಪ ದನಕರು ಕಟ್ಟುವ ಮೊದಲು ದೋಣಿ ನಡೆಸುತ್ತಿದ್ದ ಕಾಲದಲ್ಲಿ, ಅವರು ಮನೆಗೆ ಬಂದ ಮೇಲೆ ನನ್ನಮ್ಮ ಬಾವುಟ ಏರಿಸುತ್ತಿರಲಿಲ್ಲ. ಬರಬೇಕಾದ ದಿನ ಬೆಳಿಗ್ಗೆಯೇ ಏರಿಸುತ್ತಿದ್ದಳು. “ಬಂದ ಮೇಲೆ ಯಾರು ಬೇಕಾದ್ರೂ ಏರಿಸ್ತಾರೆ” ಅನ್ನುತ್ತಿದ್ದಳು.

ಮಿನ್ಕೆಗೆ ನನ್ನ ನೆನಪು ಹೇಳು, ಕಾಫಿಗೆ ನೀರು ಕಡಿಮೆ ಹಾಕಲು ಹೇಳು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ನಿನಗೆ ಸ್ವಲ್ಪ ಬುದ್ಧಿಯನ್ನೂ ಕೊಡಲಿ.

ನಿನ್ನ ಅಜ್ಜಿ,
ಬೌಕ್ಯೆ

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು, ಇದು ನಾಳೆ ನಿನ್ನ ಕೈ ಸೇರುತ್ತದೆ. ಶನಿವಾರ ಬೆಳಿಗ್ಗೆ ನಮ್ಮ ಬಾವುಟ ಏರುತ್ತದೆ, ಚೀಲವಿಲ್ಲದೆ. ಏರಿಸಿಕೊಡಲು ಹೆಸ್ಸೆಲ್‌ಗೆ ಹೇಳಿದ್ದೇನೆ. “ಯಾರು ಪಾಸಾದ್ರು?” ಅಂದ. “ಯಾರೂ ಇಲ್ಲ, ನಮ್ಮ ಹುಡುಗಿ ಮನೆಗೆ ಬರ್ತಾಳೆ” ಅಂದೆ. ಕತ್ತಲಾದ ಮೇಲೆ ಬಾವುಟ ಹೊರಗಿರಬಾರದು, ನಿನಗೆ ಗೊತ್ತು. ಈ ಮನೆಯಲ್ಲಿ ಅಂಥದ್ದು ಎಂದೂ ನಡೆದಿಲ್ಲ. ನನ್ನ ಕೈ ಏಳುವುದಿಲ್ಲ, ಇಳಿಸಲು ಹೆಸ್ಸೆಲ್‌ನನ್ನು ನಾನು ಕರೆಯುವುದಿಲ್ಲ. ಶನಿವಾರ ದ್ವೀಪದಿಂದ ಮಧ್ಯಾಹ್ನದ ಹಡಗು ಹಿಡಿದರೆ ಬೆಳಕಿರುವಾಗಲೇ ತಲುಪುತ್ತೀಯ.