ಕಾವಿಗೆ ಕೂತ ಬಾತು

ಕಫ್ರ್ ಅಲ್-ತೂತ್,
ಮಾರ್ಚ್ ೩, ೧೯೮೭

ನವಾರಾಳ ಅಪ್ಪನಿಗೆ ಸಲಾಂ.

ಕುವೈತಿನಲ್ಲಿ ನಿಮ್ಮ ಬೆನ್ನುನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರಾ? ಬಸುರಿ ಮಗಳು ಆರೋಗ್ಯವಾಗಿದ್ದಾಳೆ. ನಿಮ್ಮಮ್ಮನೂ ಚೆನ್ನಾಗಿದ್ದಾರೆ, ಬಾತಿನ ಸಾರು ಕುಡಿದವರಿಗೇನು ಕೇಡು?

ಹೌದು, ನನ್ನ ಬಾತಿನ ಸಾರು. ನಿಮ್ಮ ತಮ್ಮ ಶಾಬಾನ್ ಅಲ್ಲಿಂದ ಬಂದಿಳಿದ ದಿನ ನಾನು ನವಾರಾಳ ಮನೆಗೆ ಹೋಗಿದ್ದೆ. ಸಂಜೆ ಹಿಂತಿರುಗಿದರೆ ಮೆಟ್ಟಿಲ ಮೇಲೆಲ್ಲ ಬಿಳಿ ಪುಕ್ಕ. ತಾರಸಿಯಲ್ಲಿ ಮೊಟ್ಟೆಗಳಿವೆ, ಅವುಗಳ ಮೇಲೆ ಕೂತಿದ್ದ ತಾಯಿ ಇಲ್ಲ. ಕಾವಿಗೆ ಕೂತದ್ದನ್ನು ಯಾರಾದರೂ ಕಡಿಯುತ್ತಾರೆಯೇ? ಮೇವು ಬಿಟ್ಟು ಕೂತ ಆ ಮೈಯಲ್ಲಿ ಮೂಳೆಯಲ್ಲದೆ ಇನ್ನೇನಿತ್ತು? "ಮಗ ದೂರದಿಂದ ಬಂದಾಗ ಬಾತು ಕಡೀದೆ ಇರೋಕಾಗುತ್ತೇನೇ?" ಎಂದರು ನಿಮ್ಮಮ್ಮ. ಶಾಬಾನ್ ಹಲ್ಲಿಗೆ ಕಡ್ಡಿ ಹಾಕುತ್ತ, "ಅತ್ತಿಗೆ, ನಿಮ್ಮ ಬಾತೂ ನಿಮ್ಮ ಹಾಗೇ, ಎಷ್ಟು ಬೇಯಿಸಿದ್ರೂ ಮೆತ್ತಗಾಗಲ್ಲ" ಎಂದು ನಕ್ಕ.

ನವಾರಾ ಹೆತ್ತ ಕೂಡಲೇ ಬಾಣಂತಿಯ ಸಾರಿಗೆಂದು ನಾನು ತಲೆಯ ಮೇಲೆ ಬಾತುಗಳ ಬುಟ್ಟಿ ಹೊತ್ತು ಅವಳ ಅತ್ತೆಯ ಬೀದಿಯಲ್ಲಿ ನಡೆಯಬೇಕು. ಆ ಹೆಂಗಸು ಈಗಲೇ ನವಾರಾಳನ್ನು ಕೇಳಿದ್ದಾಳೆ: "ನಿಮ್ಮಮ್ಮನ ತಾರಸಿ ಮೇಲೆ ಬಾತಿದ್ಯೋ, ಬರೀ ಗಾಳಿನೋ?" ನಾನು ಕೈಬೀಸಿಕೊಂಡು ಹೋದರೆ ನನ್ನ ಮಗಳು ಬದುಕಿರುವವರೆಗೂ ಈ ಮಾತು ಕೇಳಬೇಕು.

ಮೊಟ್ಟೆಗಳು ಇನ್ನೂ ಬೆಚ್ಚಗಿದ್ದವು. ತೌಡಿನ ಬುಟ್ಟಿಯಲ್ಲಿಟ್ಟು, ನಿಮ್ಮ ಉಣ್ಣೆಯ ಅಂಗಿ ಹೊದಿಸಿ, ರೊಟ್ಟಿ ಸುಡುವ ಮಣ್ಣಿನ ಗೂಡೊಲೆಯ ಮೇಲಿನ ಜಗಲಿಗೆ ಒಯ್ದೆ. ಅಂದಿನಿಂದ ಅಲ್ಲೇ ನನ್ನ ಊಟ, ಅಲ್ಲೇ ನಿದ್ದೆ. ಒಂದೊಂದನ್ನೂ ಕಣ್ಣರೆಪ್ಪೆಗೆ ತಾಗಿಸಿ ನೋಡುವುದು. ಚುರುಕ್ಕೆಂದರೆ ಬೆಂಕಿ ಎಳೆಯುವುದು, ತಣ್ಣಗಿದ್ದರೆ ಇನ್ನೊಂದು ಬೆರಣಿ ಒಟ್ಟುವುದು. ತಾಯಿ ನೀರಲ್ಲಿ ಮುಳುಗಿ ಒದ್ದೆ ಮೈಯಲ್ಲೇ ಬಂದು ಕೂರುತ್ತದಲ್ಲ, ಅದಕ್ಕೆ ಉಗುರುಬೆಚ್ಚಗಿನ ನೀರು ಚಿಮುಕಿಸಿ ಹೊರಳಿಸುವುದು. "ಇವಳು ಮೊಟ್ಟೆ ಇಡೋದೊಂದು ಬಾಕಿ" ಎಂದು ನಿಮ್ಮಮ್ಮ ಬೀದಿಗೆಲ್ಲ ಹೇಳಿದರು. ಹೇಳಲಿ. ಕೆಲವು ಕೊಳೆತವು, ಮಿಕ್ಕವು ಮೊನ್ನೆ ಒಡೆದವು. ಹಳದಿ ಮರಿಗಳು ನನ್ನನ್ನೇ ತಾಯಿ ಎಂದುಕೊಂಡು ಸೆರಗಿನ ಹಿಂದೆ ಓಡುತ್ತವೆ.

ದೇವರು ನಿಮ್ಮನ್ನು ಕ್ಷೇಮವಾಗಿಡಲಿ. ಹೆಂಡತಿಯಾಗಿ ಇಷ್ಟಾದರೂ ಹಾರೈಸಬೇಕಲ್ಲ.

ಇನ್ಸಾಫ್

ಮರೆತಿದ್ದೆ. ಶಾಬಾನ್ ಕೈಯಲ್ಲಿ ನೀವು ಮಾತಾಡಿ ಕಳಿಸಿದ ಕ್ಯಾಸೆಟ್ಟನ್ನು ಬೀದಿಯವರೆಲ್ಲ ಅವನು ಬಂದ ದಿನವೇ ಕೇಳಿದ್ದರು, ಒಲೆ ಬಿಟ್ಟು ಬರಲು ನನಗೆ ಪುರುಸೊತ್ತಿರಲಿಲ್ಲ. ನಿನ್ನೆ ಕೇಳಿದೆ. "ಅಮ್ಮಾ, ಶಾಬಾನ್‌ಗೆ ತಾರಸಿ ಮೇಲೆ ಸುಮ್ನೆ ಕೂತಿರೋ ಬಾತನ್ನೇ ಕಡಿ. ಅವಳ ಕೋಪ ಹಾಲು ಉಕ್ಕಿದ ಹಾಗೆ, ಇಳಿದುಹೋಗುತ್ತೆ." ಅದು ನವಾರಾಳ ಬಾಣಂತನಕ್ಕಾಗಿ ಕೂತಿದೆ ಎಂದು ನಿಮಗೆ ಬರೆದವಳು ನಾನೇ. ತಾರಸಿಗೆ ಬೀಗ ಹಾಕಿದ್ದೇನೆ, ಕೀಲಿ ನನ್ನ ಕೊರಳಲ್ಲಿದೆ. ಹಬ್ಬಕ್ಕೆ ಬನ್ನಿ, ಬೇಳೆ ಬೇಯಿಸಿ ಹಾಕುತ್ತೇನೆ.