ನಮ್ಮ ಬಿಂದಿಗೆಯ ನೀರು

ಧಾದಿಂಗ್ ಜಿಲ್ಲೆಯ ನಮ್ಮ ಹಳ್ಳಿಯಿಂದ

ಪೂಜ್ಯ ಅಜ್ಜಿಗೆ, ನಿಮ್ಮ ಬಾಡಿಗೆಮನೆಯ ಫೂಲ್‌ಮಾಯಾಳ ನಮಸ್ಕಾರಗಳು.

ಹಳ್ಳಿಗೆ ಕ್ಷೇಮವಾಗಿ ಬಂದು ಸೇರಿದೆವು. ರಾಜರೂ ಅವರ ಮನೆಯವರೂ ಅರಮನೆಯಲ್ಲೇ ಗುಂಡಿಗೆ ಬಲಿಯಾದ ಆ ವಾರ, ಕಾಠ್ಮಂಡುವಿನ ನೀರಿಗೂ ವಿಷ ಬಿದ್ದಿದೆ ಅಂತ ಸುದ್ದಿ ಹಬ್ಬಿತ್ತಲ್ಲ. ನಮ್ಮ ಯಜಮಾನರು ಅರಮನೆ ತೋಟದ ಮಾಲಿ ಅಂತ ಅಂಗಳದವರೆಲ್ಲ ನಮ್ಮ ಬಿಂದಿಗೆಯನ್ನೇ ದಿಟ್ಟಿಸಿದರು. "ಇವನಿಗೆ ಎಲ್ಲಾ ಗೊತ್ತು, ಬಾಯಿ ಬಿಡಲ್ಲ" ಅಂದರು.

ಆರು ವರ್ಷ ನಮ್ಮ ಕೈನೀರು ಮುಟ್ಟದ ನೀವು ಮಡಿಯಲ್ಲೇ ಮೆಟ್ಟಿಲಿಳಿದು ಬಂದಿರಿ. "ಏ ಹುಡುಗಿ, ಬಾಯಾರಿದೆ, ನಿನ್ನ ಬಿಂದಿಗೆಯಿಂದ ಬಗ್ಗಿಸು" ಅಂದು, ಎಲ್ಲರೆದುರು ಗಟಗಟ ಕುಡಿದಿರಿ.

ಬಿಂದಿಗೆಯನ್ನು ಮೆಟ್ಟಿಲ ಕೆಳಗೆ ನಿಮಗೇ ಬಿಟ್ಟು ಬಂದಿದ್ದೇನೆ. ಮಡಿಗೆ ಆಗದಿದ್ದರೆ ತುಳಸಿಗೆ ನೀರು ಹಾಕಲು ಇಟ್ಟುಕೊಳ್ಳಿ.

ಕೊಂದವರು ಯಾರು ಅಂತ ಇಡೀ ಪೇಟೆ ಇವರನ್ನು ಕೇಳಿತು. ನೀವೊಬ್ಬರೇ ನೀರು ಕೇಳಿದಿರಿ.

ನಿಮ್ಮ
ಫೂಲ್‌ಮಾಯಾ ತಮಾಂಗ್