ನಂದೇನೈತ್ರಿ ಅಂದಿದ್ದಕ್ಕೆ

ಹರಿಹರ,
೧೨-೬-೨೦೨೫, ಗುರುವಾರ ಸಂಜೆ

ಪ್ರೀತಿಯ ಅಪ್ಪಾಜಿ,

ಆಪರೇಶನ್ ಆದ ಕಣ್ಣು ಹೆಂಗೈತೆ? ನೀರು ಸೋರೋದು ನಿಂತಿತಾ? ಡ್ರಾಪ್ಸ್ ಹಾಕಿಸ್ಕೊಳ್ಳಕ್ಕೆ ಕೂಸಿಗಿಂತ ಜಾಸ್ತಿ ಹಟ ಮಾಡ್ತೀರಂತೆ, ಅವ್ವ ಹೇಳಿದ್ಲು. ಹೊಸಪೇಟೆ ಬಿಸಿಲಿಗೆ ಕಪ್ಪು ಕನ್ನಡಕ ಇಲ್ದೆ ಹೊರಗೆ ಹೋಗಬ್ಯಾಡ್ರಿ, ತಮ್ಮ ಬಕ್ಕೇಶ ಬೈದ್ರೆ ಬೈಸ್ಕೊಳ್ರಿ. ಓದಬಹುದು ಅಂತ ಡಾಕ್ಟ್ರು ಹೇಳಿದಾರೆ ಅಂತ ಕೇಳಿ ಈ ಕಾಗದ ಬರೀತಿದೀನಿ. ಫೋನಲ್ಲಿ ಹೇಳಕ್ಕೆ ಹೋದ್ರೆ ಅಳು ಬಂದುಬಿಡ್ತೈತೆ. ನಾವಿಲ್ಲಿ ಆರಾಮು, ನನ್ನ ತಲೆ ಒಂದು ಬಿಟ್ಟು. ಅದು ಮೂರು ದಿನದಿಂದ ಕುದೀತಾ ಐತೆ.

ಇಲ್ಲೇ ಹತ್ರದ ಕರೂರಿನ ನಮ್ಮ ಗಾರ್ಮೆಂಟ್ಸ್ ಫ್ಯಾಕ್ಟರಿಗೆ ಹೋದ ತಿಂಗಳು ಟ್ರೇನಿಂಗ್ ಕೊಡಕ್ಕೆ ಒಬ್ಬ ಬಂದಿದ್ದ. ಆ ಸೆಕೆಯಲ್ಲಿ ಕೋಟು ಬೇರೆ ಹಾಕ್ಕೊಂಡಿದ್ದ ಮಹರಾಯ. ಕೆಲಸ ಮಾಡಿದ್ರೆ ಸಾಲದು, ಮಾಡಿದ್ದನ್ನ ನೀವೇ ನಾಕು ಜನಕ್ಕೆ ಹೇಳ್ಕೋಬೇಕು, ನಿಮ್ಮ ಹೆಸರೇ ಒಂದು ಬ್ರ್ಯಾಂಡ್ ಆಗಬೇಕು ಅಂತ ಒಂದು ಗಂಟೆ ಕೊರೆದ. ನಾನು ನೋಡ್ಕೊಳ್ಳೋ ಮಿಷನ್ ಲೈನಲ್ಲಿ ಹೊಲಿಯೋ ಬಿಲ್ಕೀಸ್ ಪಕ್ಕದಲ್ಲೇ ಕೂತಿದ್ಲು. "ಅಕ್ಕಾ, ನಮ್ಮನ್ನೂ ಸೋಪಿನ ಥರ ಕಾಗದ ಸುತ್ತಿ ಅಂಗಡೀಲಿ ಇಡ್ತಾರೇನೋ" ಅಂದ್ಲು. ಇಬ್ರೂ ಸೆರಗು ಅಡ್ಡ ಹಿಡ್ಕೊಂಡು ನಕ್ವಿ. ಸ್ಟೋರ್ಸಿನ ಸಂತೋಷ ಮಾತ್ರ ನಗಲಿಲ್ಲ, ಕಣ್ಣು ಮಿಟುಕಿಸ್ದೆ ಕೇಳ್ತಿದ್ದ.

ಬಸ್ಸಿನ ವಿಷಯ ನಿಮಗೆ ಗೊತ್ತೈತಲ್ಲ? ಸಂಜೆ ಶಿಫ್ಟ್ ಬಿಡೋ ಹೊತ್ತಿಗೆ ಹರಿಹರ, ಮಲೆಬೆನ್ನೂರು ಕಡೆ ಬಸ್ಸು ಹೋಗಿಬಿಟ್ಟಿರ್ತಿತ್ತು. ಹುಡುಗೀರು ಕತ್ತಲಲ್ಲಿ ಮೇನ್ ರೋಡ್ ತನಕ ನಡೀಬೇಕಿತ್ತು. ಮನೆಯೋರು ಕೆಲಸ ಬಿಡು ಅಂತಿದ್ರು, ನನ್ನ ಲೈನೇ ಖಾಲಿ ಆಗೋ ಹಂಗಾಗಿತ್ತು. ನಾನು ರಜೆ ದಿನ ಎಲ್ಲ ಬಸ್ ಡಿಪೋ ಬಾಗಿಲಲ್ಲಿ ಕಳೆದೆ. ಬೈಸ್ಕೊಂಡೆ, ಮತ್ತೆ ಹೋದೆ. ಕೊನೆಗೆ ಬಸ್ಸು ಗೇಟಿನ ಮುಂದೆ ಬಂದು ನಿಂತಾಗ ಹುಡುಗೀರು ಸಿಳ್ಳೆ ಹೊಡೆದ್ರು. ಸಂತೋಷ ಏನು ಮಾಡಿದ ಗೊತ್ತಾ? ಬಸ್ಸಿಗೆ ಒರಗಿ ಫೋಟೋ ತೆಗೆಸ್ಕೊಂಡು, "ನನ್ನ ಸಣ್ಣ ಪ್ರಯತ್ನ" ಅಂತ ಫೋನಲ್ಲಿ ಸ್ಟೇಟಸ್ ಹಾಕ್ಕೊಂಡ! ಸಣ್ಣ ಪ್ರಯತ್ನ ಅಂತೆ! ಡಿಪೋ ಯಾವ ದಿಕ್ಕಿಗೈತೆ ಅಂತಾನೂ ಅವನಿಗೆ ಗೊತ್ತಿಲ್ಲ.

ಈ ಸೋಮವಾರ ಫ್ಲೋರ್ ಇನ್‌ಚಾರ್ಜ್ ಕೆಲಸಕ್ಕೆ ನಂಗೂ ಸಂತೋಷನಿಗೂ ಇಂಟರ್‌ವ್ಯೂ ಇತ್ತು. ಬೆಂಗಳೂರಿಂದ ಬಂದಿರೋ ಹೊಸ ಮ್ಯಾನೇಜರ್, ಪಾಪ, ನೆಟ್ಟಗೇ ಕೇಳಿದ್ರು, "ಆ ಬಸ್ಸು ಬರಂಗೆ ಮಾಡಿದ್ದು ನೀವಂತೆ, ಹೌದಾ?" ನನ್ನ ಬಾಯಿಗೆ ಏನು ಬಂತು ಹೇಳ್ರಿ? "ಅಯ್ಯೋ, ನಂದೇನೈತ್ರಿ ಸರ್, ಎಲ್ಲಾರೂ ಸೇರಿ ಮಾಡಿದ್ದು." ಅವರು "ಓ, ಹಾಗಾ" ಅಂದು ಮುಂದಿನ ಪ್ರಶ್ನೆಗೆ ಹೋಗಿಬಿಟ್ರು! ನಮ್ಮ ಕಡೆ ಯಾರಾದ್ರೂ ಹಂಗಂದ್ರೆ ಎದುರಿನೋರು "ಹಂಗಂದ್ರೆ ಹೆಂಗ್ರಿ, ನೀವಿಲ್ದಿದ್ರೆ ಆಗ್ತಿತ್ತಾ" ಅನ್ನಬೇಕಲ್ವಾ? ಸಾಕು ಅಂದ ತಕ್ಷಣ ಎಲೆ ಮೇಲಿನ ಹೋಳಿಗೆ ಎತ್ಕೊಂಡು ಹೋಗೋರು ಎಲ್ಲಾದ್ರೂ ಇದಾರಾ? ಬರೋ ಸೋಮವಾರ ಹೆಸರು ಹೇಳ್ತಾರೆ. ಸಂತೋಷಂದೇ ಅಂತ ಎಲ್ಲಾರೂ ಮಾತಾಡ್ತಿದಾರೆ. ಬಿಲ್ಕೀಸ್ ಎರಡು ದಿನದಿಂದ ನನ್ನ ಜೊತೆ ಊಟಕ್ಕೆ ಕೂಡ್ತಿಲ್ಲ. ಅವನು ಇನ್‌ಚಾರ್ಜ್ ಆದ್ರೆ ಬಾತ್‌ರೂಮಿಗೆ ಹೋಗಕ್ಕೂ ಅವನ ಮುಂದೆ ಕೈಕಟ್ಟಿ ನಿಲ್ಲಬೇಕು, ನಿನ್ನ ದೊಡ್ಡತನಕ್ಕೆ ನಾವ್ಯಾಕ ಸಾಯಬೇಕು ಅಂತಾಳೆ. ನಿಮ್ಮ ಅಳಿಯಂದ್ರು "ಹೋಗ್ಲಿ ಬಿಡು" ಅಂತಾರೆ. ಯಾಕ ಬಿಡಬೇಕು?

ಸಿಟ್ಟು ಸಂತೋಷನ ಮೇಲೆ, ಆ ಸರ್ ಮೇಲೆ ಅಂದ್ಕೊಂಡಿದ್ದೆ. ಇಲ್ಲ ಅಪ್ಪಾಜಿ, ನಿಮ್ಮ ಮೇಲೆ. ಎಸ್ಸೆಸ್ಸೆಲ್ಸಿಲಿ ನಾನು ಸ್ಕೂಲಿಗೇ ಫಸ್ಟ್ ಬಂದಾಗ ಬೀದಿಯೋರೆಲ್ಲ ಮನೆಗೆ ಬಂದ್ರು. ನೀವು ಅವರಿಗೆ ಪೇಡೆ ಕೊಡ್ತಾ, "ಹುಡುಗಿದೇನೈತ್ರಿ, ಮೇಷ್ಟ್ರು ಒಳ್ಳೇರಿದ್ರು" ಅಂದ್ರಿ. ನಾನು ಬಾಗಿಲ ಹಿಂದೆ ನಿಂತು ಕೇಳಿಸ್ಕೊಂಡೆ. ಹೊಗಳಿದ್ರೆ ತಲೆ ತಗ್ಗಿಸಬೇಕು ಅಂತ ಅವತ್ತೇ ಕಲಿತೆ. ಮೇಷ್ಟ್ರು ಎಲ್ಲಾರಿಗೂ ಅದೇ ಪಾಠ ಹೇಳಿದ್ರಲ್ಲ, ಅಪ್ಪಾಜಿ? ರಾತ್ರಿ ಎದ್ದು ಓದಿದ್ದು ನಾನು.

ಸಿಟ್ಟಲ್ಲಿ ಬರೆದಿದೀನಿ, ನೀವು ಸಿಟ್ಟಲ್ಲಿ ಓದಬ್ಯಾಡ್ರಿ. ನಿಮಗೂ ಅವ್ವನಿಗೂ ನಮಸ್ಕಾರ, ಬಕ್ಕೇಶನ ಕೂಸಿಗೆ ಎರಡೂ ಕೆನ್ನೆಗೆ ಮುತ್ತು.

ನಿಮ್ಮ ಮಗಳು,
ವಾಣಿ

ವಿ.ಸೂ.: ಪಕ್ಕದ ಮನೆ ನಿರ್ಮಲಮ್ಮ ನಾಳೆ ಹೊಸಪೇಟೆಗೆ ಬರ್ತಿದಾರೆ, ಅವರ ಕೈಲೇ ಇದನ್ನ ಕೊಡ್ತೀನಿ. ಸೋಮವಾರ ಇನ್‌ಚಾರ್ಜ್ ಹೆಸರು ಹೇಳೋಕೆ ಮುಂಚೆ ನಾನೇ ಸರ್ ರೂಮಿಗೆ ಹೋಗ್ತೀನಿ, ಬಸ್ಸು ತರಿಸಿದ್ದು ನಾನು ಅಂತ ಹೇಳ್ತೀನಿ. ಕನ್ನಡಿ ಮುಂದೆ ನಿಂತು ಹೇಳಿ ನೋಡಿದೆ, ಬಾಯಿಗೆ ಮತ್ತೆ "ನಂದೇನೈತ್ರಿ" ಅಂತಾನೇ ಬರ್ತೈತೆ. ಭಾನುವಾರ ಫೋನ್ ಮಾಡ್ತೀನಿ. ಮೊದಲು ನೀವು ಹೇಳ್ರಿ ಅಪ್ಪಾಜಿ, "ಅದನ್ನ ಮಾಡಿದ್ದು ನನ್ನ ಮಗಳು" ಅಂತ, ಒಂದೇ ಒಂದು ಸಲ. ಸುತ್ತ ಯಾರೂ ಇಲ್ದಿದ್ರೂ ಪರವಾಗಿಲ್ಲ, ನಾನು ಕೇಳಿಸ್ಕೊಂಡ್ರೆ ಸಾಕು.